ಅರ್ಹತೆ ಇದ್ದರೂ ವಿಂಡೋಸ್ 11ಕ್ಕೆ ಏರದ ಕಂಪ್ಯೂಟರ್: ಎಂಬಿಆರ್‌ನಿಂದ ಜಿಪಿಟಿಗೆ ಹೋಗುವಲ್ಲೇ ಮುಗ್ಗರಿಸುತ್ತಿದೆ

ಹಳೆಪೆಟ್ಟಿಗೆ
ಮೂರು ಸಂಜೆಗಳನ್ನು ಹಾಳು ಮಾಡಿಕೊಂಡ ಮೇಲೆ ಇಲ್ಲಿ ಕೇಳುತ್ತಿದ್ದೇನೆ. 2018ರಲ್ಲಿ ನಾನೇ ಜೋಡಿಸಿಕೊಂಡ ಡೆಸ್ಕ್‌ಟಾಪ್. ಇಂಟೆಲ್ ಕೋರ್ ಐ5-8400, 16 ಜಿಬಿ ರ‍್ಯಾಮ್, 250 ಜಿಬಿ ಎಸ್‌ಎಸ್‌ಡಿ. ಹಿಂದಿನ ಕಂಪ್ಯೂಟರಿನಿಂದ ಬಿಚ್ಚಿ ತಂದ 500 ಜಿಬಿ ಹಾರ್ಡ್ ಡಿಸ್ಕ್ ಕೂಡ ಇದೆ, ಅದರಲ್ಲಿ ಫೋಟೋಗಳು ಮಾತ್ರ. ಈಗ ಇರುವುದು ವಿಂಡೋಸ್ 10, 22ಎಚ್2 ಆವೃತ್ತಿ.

ವಿಂಡೋಸ್ 11ಕ್ಕೆ ಅರ್ಹತೆ ಇದೆಯೇ ಎಂದು ನೋಡುವ ಪಿಸಿ ಹೆಲ್ತ್ ಚೆಕ್ ಓಡಿಸಿದೆ. ಪ್ರೊಸೆಸರ್ ಸರಿ, ಮೆಮೊರಿ ಸರಿ, ಟಿಪಿಎಂ 2.0 (ಕೀಗಳನ್ನು ಕಾಪಾಡುವ ಭದ್ರತಾ ಚಿಪ್) ಇಲ್ಲ, ಸೆಕ್ಯೂರ್ ಬೂಟ್ (ನಂಬಿಕಸ್ಥ ಸಹಿ ಇರುವುದನ್ನು ಮಾತ್ರ ಬೂಟ್ ಆಗಲು ಬಿಡುವ ವ್ಯವಸ್ಥೆ) ಇಲ್ಲ ಎಂದಿತು. ಬಯೋಸ್‌ನಲ್ಲಿ ಹುಡುಕಿದಾಗ ಪಿಟಿಟಿ ಎಂಬ ಆಯ್ಕೆ ಆಫ್ ಆಗಿತ್ತು, ಆನ್ ಮಾಡಿದೆ. ಟಿಪಿಎಂ ದೂರು ಹೋಯಿತು. ಆ ಉತ್ಸಾಹದಲ್ಲಿ, ಹಳೆಯ ಬಗೆಯ ಬೂಟ್‌ಗೆ ಅವಕಾಶ ಕೊಡುವ ಸಿಎಸ್‌ಎಂ ಆಫ್ ಮಾಡಿ ಸೆಕ್ಯೂರ್ ಬೂಟ್ ಆನ್ ಮಾಡಿದೆ. ಕಂಪ್ಯೂಟರ್ ಏಳಲೇ ಇಲ್ಲ. ಬೂಟ್ ಆಗುವ ಸಾಧನವೇ ಇಲ್ಲ ಎಂಬರ್ಥದ ಒಂದು ಸಾಲು ಕಪ್ಪು ಪರದೆಯ ಮೇಲೆ. ಗಾಬರಿಯಾಗಿ ಎಲ್ಲವನ್ನೂ ಹಿಂದಿನಂತೆ ಮಾಡಿದೆ, ಎದ್ದಿತು.

ಆಮೇಲೆ ಓದಿ ತಿಳಿದದ್ದು: ಡಿಸ್ಕ್‌ನ ವಿಭಾಗಗಳ ಪಟ್ಟಿ ಎಂಬಿಆರ್ ಎಂಬ ಹಳೆಯ ಮಾದರಿಯಲ್ಲಿದೆ, ಜಿಪಿಟಿ ಎಂಬ ಹೊಸ ಮಾದರಿಗೆ ಬದಲಾಯಿಸಬೇಕು, ಅದಕ್ಕೆ ವಿಂಡೋಸ್‌ನಲ್ಲೇ ಎಂಬಿಆರ್2ಜಿಪಿಟಿ ಎಂಬ ಉಪಕರಣ ಇದೆ. ಮೊದಲು ಪರೀಕ್ಷೆ ಮಾತ್ರ ಮಾಡುವ ವ್ಯಾಲಿಡೇಟ್ ಆಯ್ಕೆಯಲ್ಲಿ ಓಡಿಸಿದೆ. ಡಿಸ್ಕ್ 0ರಲ್ಲಿ ಓಎಸ್ ವಿಭಾಗ ಸಿಗಲಿಲ್ಲ ಎಂದಿತು. ಸರಿ, ಡಿಸ್ಕ್ 1 ಎಂದು ಹೆಸರಿಸಿ ಓಡಿಸಿದರೆ ಡಿಸ್ಕ್ 1ರ ವಿನ್ಯಾಸ ಪರೀಕ್ಷೆಯಲ್ಲಿ ಸೋತಿದೆ ಎಂದಿತು. ಎರಡೇ ಡಿಸ್ಕ್‌ಗಳಿವೆ, ಎರಡೂ ಬೇಡವಂತೆ. ಮತ್ತೆ ನನ್ನ ವಿಂಡೋಸ್ ಇರುವುದಾದರೂ ಎಲ್ಲಿ?

ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕು ಎನ್ನಬೇಡಿ. ಲೆಕ್ಕಪತ್ರದ ಒಂದು ಹಳೆಯ ತಂತ್ರಾಂಶವಿದೆ, ಅದರ ಸಿಡಿ ಕಳೆದುಹೋಗಿ ವರ್ಷಗಳಾದವು.

ಅರೆಬೆಂದಪಂಡಿತ
ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿ. ಅರ್ಧ ಗಂಟೆಯ ಕೆಲಸ.

ಹಳೆಪೆಟ್ಟಿಗೆ
ಕೊನೆಯ ಎರಡು ಸಾಲು ಓದುವುದು ಅರ್ಧ ನಿಮಿಷದ ಕೆಲಸ.

ನೀಲಿತೆರೆ
ಇಷ್ಟೆಲ್ಲ ಒದ್ದಾಟವೇಕೆ? ರೂಫಸ್ ಎಂಬ ತಂತ್ರಾಂಶದಲ್ಲಿ ಇನ್‌ಸ್ಟಾಲ್ ಮಾಡುವ ಪೆನ್ ಡ್ರೈವ್ ಸಿದ್ಧಪಡಿಸುವಾಗಲೇ ಟಿಪಿಎಂ, ಸೆಕ್ಯೂರ್ ಬೂಟ್ ತಪಾಸಣೆಯನ್ನು ಬಿಟ್ಟುಬಿಡುವ ಆಯ್ಕೆ ಬರುತ್ತದೆ. ಟಿಕ್ ಹಾಕಿ, ಮುಂದುವರಿಯಿರಿ. ನಾನು 6ನೇ ತಲೆಮಾರಿನ ಐ3 ಲ್ಯಾಪ್‌ಟಾಪ್‌ಗೆ ಹೀಗೇ ಹಾಕಿದ್ದೇನೆ, ಎರಡು ವರ್ಷದಿಂದ ಕೆಮ್ಮಿಲ್ಲ ಸೀನಿಲ್ಲ.

ಲಾಗ್‌ಓದುವವಳು
ನೀಲಿತೆರೆ ಅವರೇ, ನಿಮ್ಮ 6ನೇ ತಲೆಮಾರಿಗೆ ಬೇರೆ ದಾರಿ ಇರಲಿಲ್ಲ, ಒಪ್ಪುತ್ತೇನೆ. ಇವರದು 8ನೇ ತಲೆಮಾರು, ಅಧಿಕೃತ ಪಟ್ಟಿ ಹೆಚ್ಚುಕಡಿಮೆ ಅಲ್ಲಿಂದಲೇ ಆರಂಭವಾಗುವುದು. ಮುಂಬಾಗಿಲಿಗೆ ಕೀಲಿ ಇರುವಾಗ ಹೆಂಚು ತೆಗೆದು ಇಳಿಯುವುದೇಕೆ? ತಪಾಸಣೆ ತಪ್ಪಿಸಿ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಬರುತ್ತಲೇ ಇರುತ್ತದೆ ಎಂದು ಮೈಕ್ರೋಸಾಫ್ಟ್ ಮಾತು ಕೊಟ್ಟಿಲ್ಲ. ಪ್ರತಿ ವರ್ಷದ ದೊಡ್ಡ ಆವೃತ್ತಿ ಬಂದಾಗಲೂ ಅದೇ ಸರ್ಕಸ್ ಮತ್ತೆ ಮಾಡಬೇಕಾಗುತ್ತದೆ.

ಹಳೆಪೆಟ್ಟಿಗೆ ಅವರೇ, ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಎರಡೂ ಡಿಸ್ಕ್‌ಗಳಲ್ಲಿ ಯಾವ ಯಾವ ವಿಭಾಗಗಳಿವೆ, ಪ್ರತಿಯೊಂದರ ಕೆಳಗೆ ಆವರಣದಲ್ಲಿ ಏನೇನು ಬರೆದಿದೆ ಎಂಬುದನ್ನು ಹಾಗೆಯೇ ಬರೆಯಿರಿ. ಆವರಣದೊಳಗಿನ ಮಾತುಗಳೇ ಮುಖ್ಯ.

ಪೆಂಗ್ವಿನ್‌ಪ್ರಿಯ
ಲಿನಕ್ಸ್ ಮಿಂಟ್ ಹಾಕಿ. ಟಿಪಿಎಂ ಕೇಳುವುದಿಲ್ಲ, ಖಾತೆ ಕೇಳುವುದಿಲ್ಲ, ಪ್ರೊಸೆಸರಿನ ಜಾತಕ ಕೇಳುವುದಿಲ್ಲ.

ಇರುವುದೇಸಾಕು
ಇನ್ನೂ ಹತ್ತು ಉತ್ತರ ಆಗಿಲ್ಲ, ಲಿನಕ್ಸ್ ಬಂದೇಬಿಟ್ಟಿತು.

ದುರಸ್ತಿಗಾರ
ಪೆಂಗ್ವಿನ್‌ಪ್ರಿಯ ಅವರೇ, ಅವರು ಲೆಕ್ಕಪತ್ರದ ತಂತ್ರಾಂಶದ ಮಾತು ಹೇಳಿದ್ದಾರಲ್ಲ. ಅದು ವೈನ್‌ನಲ್ಲಿ (ಲಿನಕ್ಸ್ ಮೇಲೆ ವಿಂಡೋಸ್ ತಂತ್ರಾಂಶ ಓಡಿಸುವ ಉಪಕರಣ) ಓಡುತ್ತದೆ ಎಂದು ನೀವು ಬರೆದುಕೊಡುತ್ತೀರಾ? ಅಲ್ಲದೆ ಲಿನಕ್ಸ್‌ನಲ್ಲಿ ಆವೃತ್ತಿ ಏರಿಸುವುದು ಹೂವಿನ ಹಾಸಿಗೆಯೇನಲ್ಲ. ಉಬುಂಟುವಿನಲ್ಲಿ ಬೂಟ್ ವಿಭಾಗವನ್ನು ಪ್ರತ್ಯೇಕವಾಗಿ, ಚಿಕ್ಕದಾಗಿ ಮಾಡಿಕೊಂಡು, ಅದರ ತುಂಬ ಹಳೆಯ ಕರ್ನಲ್‌ಗಳನ್ನು ಪೇರಿಸಿಕೊಂಡು, ಜಾಗವಿಲ್ಲ ಎಂದು ಅರ್ಧದಲ್ಲಿ ನಿಂತ ಯಂತ್ರಗಳನ್ನು ನಾನು ಎಷ್ಟು ಎಬ್ಬಿಸಿದ್ದೇನೋ ಲೆಕ್ಕವಿಲ್ಲ.

ಪೆಂಗ್ವಿನ್‌ಪ್ರಿಯ
ಬೂಟ್ ತುಂಬಿದರೆ ಅದು ತುಂಬಿದೆ ಎಂದೇ ಹೇಳುತ್ತದೆ. ಯಾವ ವಿಭಾಗ, ಎಷ್ಟು ಜಾಗ ಬೇಕು, ಯಾವ ಆದೇಶದಿಂದ ಖಾಲಿ ಮಾಡಬಹುದು ಎಂದು ತಿಳಿಸುತ್ತದೆ. ವಿಂಡೋಸ್ ಒಂದು ಅರ್ಥವಾಗದ ಸಂಖ್ಯೆ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ನನ್ನ ತಕರಾರು ಅಷ್ಟೇ.

ಹೆಬ್ಬಾಗಿಲು
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಹದಿನೈದು ದಿನದಿಂದ ನನ್ನ ಉಬುಂಟು ಒಂದು ಎಲ್‌ಟಿಎಸ್‌ನಿಂದ (ದೀರ್ಘಾವಧಿ ಬೆಂಬಲದ ಆವೃತ್ತಿ) ಮುಂದಿನ ಎಲ್‌ಟಿಎಸ್‌ಗೆ ಏರಲು ಒಪ್ಪುತ್ತಿಲ್ಲ, ಹೊಸ ಆವೃತ್ತಿಯೇ ಇಲ್ಲ ಎನ್ನುತ್ತಿದೆ. ಬಿಡುಗಡೆಯಾಗಿರುವುದನ್ನು ಕಣ್ಣಾರೆ ನೋಡಿದ್ದೇನೆ.

ಪೆಂಗ್ವಿನ್‌ಪ್ರಿಯ
ಅದು ದೋಷವಲ್ಲ. ಎಲ್‌ಟಿಎಸ್‌ನಿಂದ ಎಲ್‌ಟಿಎಸ್‌ಗೆ ಏರುವ ಬಾಗಿಲು ಮೊದಲ ಪರಿಷ್ಕೃತ ಬಿಡುಗಡೆ, ಅಂದರೆ ಕೊನೆಯಲ್ಲಿ .1 ಇರುವುದು ಬಂದ ಮೇಲೆಯೇ ತೆರೆಯುವುದು. ಏಪ್ರಿಲ್‌ನಲ್ಲಿ ಮೂಲ ಬಿಡುಗಡೆ, ಸಾಮಾನ್ಯವಾಗಿ ಜುಲೈ ಅಥವಾ ಆಗಸ್ಟ್‌ನಲ್ಲಿ .1. ಕಾಯಿರಿ. ಅಷ್ಟರಲ್ಲಿ ಹೊರಗಿನಿಂದ ಸೇರಿಸಿಕೊಂಡ ಪಿಪಿಎ ಎಂಬ ತಂತ್ರಾಂಶ ಮೂಲಗಳಿದ್ದರೆ ತೆಗೆದುಹಾಕಿ, ಹೋಲ್ಡ್ ಮಾಡಿಟ್ಟ ಪ್ಯಾಕೇಜುಗಳಿದ್ದರೆ ಬಿಡಿಸಿ.

ಹೆಬ್ಬಾಗಿಲು
ಹಾಗಾದರೆ "ಇನ್ನೂ ತೆರೆದಿಲ್ಲ" ಎಂದು ಹೇಳಬಾರದೇ? "ಇಲ್ಲ" ಎನ್ನುವುದೇಕೆ?

ದುರಸ್ತಿಗಾರ
ಪೆಂಗ್ವಿನ್ ಸ್ಪಷ್ಟವಾಗಿ ಮಾತನಾಡುತ್ತದೆ ಎಂದು ಈಗತಾನೆ ಯಾರೋ ಹೇಳುತ್ತಿದ್ದರು.

ಹಳೆಪೆಟ್ಟಿಗೆ
ನನ್ನ ಕಂಪ್ಯೂಟರಿಗೆ ಮರಳಬಹುದೇ? ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಕಾಣುವುದು ಇದು.

ಡಿಸ್ಕ್ 0, ಹಳೆಯ ಹಾರ್ಡ್ ಡಿಸ್ಕ್. ಮೊದಲ ವಿಭಾಗ 100 ಎಂಬಿ, ಹೆಸರು ಸಿಸ್ಟಮ್ ರಿಸರ್ವ್ಡ್, ಆವರಣದಲ್ಲಿ ಸಿಸ್ಟಮ್, ಆಕ್ಟಿವ್, ಪ್ರೈಮರಿ. ಎರಡನೆಯದು 465 ಜಿಬಿ, ಡಿ ಡ್ರೈವ್, ಆವರಣದಲ್ಲಿ ಪ್ರೈಮರಿ ಮಾತ್ರ.

ಡಿಸ್ಕ್ 1, ಎಸ್‌ಎಸ್‌ಡಿ. ಸಿ ಡ್ರೈವ್, ಆವರಣದಲ್ಲಿ ಬೂಟ್, ಪೇಜ್ ಫೈಲ್, ಕ್ರ್ಯಾಶ್ ಡಂಪ್, ಪ್ರೈಮರಿ. ಕೊನೆಯಲ್ಲಿ ಸುಮಾರು 500 ಎಂಬಿಯ ರಿಕವರಿ ವಿಭಾಗ.

ಸಿ ಡ್ರೈವ್ ಎಸ್‌ಎಸ್‌ಡಿಯಲ್ಲಿದೆ, ಬೂಟ್ ಎಂದೂ ಬರೆದಿದೆ. ಸರಿಯಾಗಿಯೇ ಇದೆಯಲ್ಲ?

ದುರಸ್ತಿಗಾರ
ಸಿಕ್ಕಿತು. ಅದು ಸರಿಯಾಗಿಲ್ಲ. ಹೀಗೆ ಕಾಣುವಂತೆ ಹೆಸರಿಟ್ಟವರು ಯಾರೋ, ಅವರಿಗೊಂದು ದೊಡ್ಡ ನಮಸ್ಕಾರ.

ವಿಂಡೋಸ್‌ನ ಭಾಷೆಯಲ್ಲಿ ಬೂಟ್ ವಿಭಾಗ ಎಂದರೆ ವಿಂಡೋಸ್ ಫೋಲ್ಡರ್ ಇರುವ ಜಾಗ. ಸಿಸ್ಟಮ್ ವಿಭಾಗ ಎಂದರೆ ಬೂಟ್ ಮಾಡಿಸುವ ಫೈಲುಗಳಿರುವ ಜಾಗ. ತಲೆಕೆಳಗಾಗಿ ಬರೆದಿದ್ದೇನೆ ಎಂದುಕೊಳ್ಳಬೇಡಿ, ನಿಜವಾಗಿಯೂ ಹಾಗೆಯೇ. ಈಗ ನಿಮಗೆ ಬಂದ ಎರಡು ದೋಷಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಡಿಸ್ಕ್ 0ರಲ್ಲಿ ಬೂಟ್ ಫೈಲುಗಳಿವೆ, ವಿಂಡೋಸ್ ಇಲ್ಲ. ಆದ್ದರಿಂದ ಓಎಸ್ ಸಿಗಲಿಲ್ಲ ಎಂದಿತು. ಡಿಸ್ಕ್ 1ರಲ್ಲಿ ವಿಂಡೋಸ್ ಇದೆ, ಆಕ್ಟಿವ್ ವಿಭಾಗವೇ (ಬೂಟ್ ಶುರುಮಾಡಲು ಹುಡುಕುವ ವಿಭಾಗ) ಇಲ್ಲ. ಆದ್ದರಿಂದ ವಿನ್ಯಾಸ ಸರಿಯಿಲ್ಲ ಎಂದಿತು. ಅದು ಎರಡು ಸಲವೂ ನಿಜವನ್ನೇ ಹೇಳಿದೆ. ದೇಹ ಒಂದು ಡಿಸ್ಕ್‌ನಲ್ಲಿ, ಪ್ರಾಣ ಇನ್ನೊಂದರಲ್ಲಿ. ಅಜ್ಜಿಯ ಕಥೆಯ ರಾಕ್ಷಸ ತನ್ನ ಪ್ರಾಣವನ್ನು ಏಳು ಸಮುದ್ರದಾಚೆಯ ಗಿಣಿಯಲ್ಲಿ ಇಟ್ಟಿರುತ್ತಾನಲ್ಲ, ಹಾಗೆ.

ಹೀಗಾದದ್ದು ಹೇಗೆ ಎಂದು ಊಹಿಸುತ್ತೇನೆ, ತಪ್ಪಿದ್ದರೆ ತಿದ್ದಿ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಮೊದಲು ವಿಂಡೋಸ್ 7 ಇತ್ತು. 100 ಎಂಬಿ ಸಿಸ್ಟಮ್ ರಿಸರ್ವ್ಡ್ ಅದರ ಗುರುತು. 2018ರಲ್ಲಿ ಹೊಸ ಎಸ್‌ಎಸ್‌ಡಿಗೆ ವಿಂಡೋಸ್ 10 ಹಾಕುವಾಗ ಆ ಡಿಸ್ಕಿನ ಕೇಬಲ್ ಬಿಚ್ಚಿರಲಿಲ್ಲ. ಆಕ್ಟಿವ್ ಆದ ವಿಭಾಗ ಆಗಲೇ ಒಂದಿದೆಯಲ್ಲ ಎಂದು ಇನ್‌ಸ್ಟಾಲರ್ ಬೂಟ್ ಫೈಲುಗಳನ್ನು ಅಲ್ಲೇ ಇಟ್ಟಿತು. ಆಮೇಲೆ ನೀವು ವಿಂಡೋಸ್ 7 ಇದ್ದ ವಿಭಾಗವನ್ನು ಮಾತ್ರ ಅಳಿಸಿ ಫೋಟೋ ತುಂಬಿಸಿದಿರಿ.

ಖಚಿತಪಡಿಸಿಕೊಳ್ಳಲು ಒಂದು ಸುಲಭ ಪರೀಕ್ಷೆ: ಕಂಪ್ಯೂಟರ್ ಆಫ್ ಮಾಡಿ, ಹಾರ್ಡ್ ಡಿಸ್ಕ್‌ನ ಕೇಬಲ್ ಬಿಚ್ಚಿ, ಆನ್ ಮಾಡಿ.

ಹಳೆಪೆಟ್ಟಿಗೆ
ಏಳಲಿಲ್ಲ. ಕೇಬಲ್ ಮತ್ತೆ ಹಾಕಿದೆ, ಎದ್ದಿತು. 2018ರ ಕಥೆ ಅಕ್ಷರಶಃ ನೀವು ಹೇಳಿದಂತೆಯೇ. ನೀವು ಆಗ ನನ್ನ ಹಿಂದೆ ನಿಂತಿದ್ದಿರೇ?

ಮೌನವೀಕ್ಷಕ
ಇದನ್ನು ಓದಿ ನನ್ನದನ್ನೂ ನೋಡಿದೆ. ನನ್ನದೂ ಹಾಗೆಯೇ ಇದೆ! ಎಂಟು ವರ್ಷದಿಂದ "ಫೋಟೋ ಡಿಸ್ಕ್" ಎಂದುಕೊಂಡಿದ್ದೆ.

ಅರೆಬೆಂದಪಂಡಿತ
ಅದಕ್ಕೇ ಹೇಳಿದ್ದು, ಫಾರ್ಮ್ಯಾಟ್ ಮಾಡಿ.

ಲಾಗ್‌ಓದುವವಳು
ದುರಸ್ತಿಗಾರರ ರೋಗನಿರ್ಣಯ ಸರಿ. ಚಿಕಿತ್ಸೆಯ ಕ್ರಮ ನಾನು ಬರೆಯುತ್ತೇನೆ, ತಪ್ಪಿದ್ದರೆ ಅವರು ತಿದ್ದಲಿ. ಕ್ರಮ ಮುಖ್ಯ, ಹಿಂದುಮುಂದಾದರೆ ಯಂತ್ರ ಏಳುವುದಿಲ್ಲ.

ಮೊದಲು ಎಸ್‌ಎಸ್‌ಡಿಯ ಪೂರ್ತಿ ಇಮೇಜ್ ಬ್ಯಾಕಪ್ ಹೊರಗಿನ ಡಿಸ್ಕ್‌ಗೆ. ಲೆಕ್ಕಪತ್ರದ ತಂತ್ರಾಂಶ ಮರಳಿ ಸಿಗುವುದಿಲ್ಲ ಎಂದಿರಲ್ಲ, ಆದ್ದರಿಂದ ಇದನ್ನು ಹಾರಿಸಬೇಡಿ.

ನಂತರ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ ಅದನ್ನು ಆಕ್ಟಿವ್ ಮಾಡಿ. ಬಳಿಕ ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಬಿಸಿಡಿಬೂಟ್. ಅದಕ್ಕೆ ಮೂರು ವಿಷಯ ಹೇಳಬೇಕು: ವಿಂಡೋಸ್ ಫೋಲ್ಡರ್ ಎಲ್ಲಿದೆ, ಬೂಟ್ ಫೈಲುಗಳನ್ನು ಎಲ್ಲಿಗೆ ಬರೆಯಬೇಕು (ಎರಡಕ್ಕೂ ಸಿ ಡ್ರೈವ್), ಫರ್ಮ್‌ವೇರ್ ಯಾವ ಬಗೆ (ಸದ್ಯಕ್ಕೆ ಬಯೋಸ್). ಆಫ್ ಮಾಡಿ, ಹಾರ್ಡ್ ಡಿಸ್ಕ್‌ನ ಕೇಬಲ್ ಬಿಚ್ಚಿ, ಎಸ್‌ಎಸ್‌ಡಿ ಒಂದೇ ಏಳುತ್ತದೆಯೇ ನೋಡಿ. ಎದ್ದರೆ ಮಾತ್ರ ಮುಂದೆ. ಕೇಬಲ್ ಮತ್ತೆ ಹಾಕಬೇಡಿ.

ಆಮೇಲೆ ಎಂಬಿಆರ್2ಜಿಪಿಟಿ, ಮೊದಲು ವ್ಯಾಲಿಡೇಟ್, ಅದು ಪಾಸಾದರೆ ಕನ್ವರ್ಟ್. ಓಡುತ್ತಿರುವ ವಿಂಡೋಸ್‌ನ ಒಳಗಿಂದಲೇ ಮಾಡುವುದಾದರೆ ಅಲೋಫುಲ್‌ಓಎಸ್ ಎಂಬ ಸೂಚನೆಯನ್ನೂ ಸೇರಿಸಬೇಕು. ನಿಮ್ಮಲ್ಲಿ ವಿಭಾಗಗಳು ಎರಡೇ ಇರುವುದರಿಂದ ತೊಂದರೆ ಬಾರದು. ಮೂರಕ್ಕಿಂತ ಹೆಚ್ಚು ಪ್ರೈಮರಿ ವಿಭಾಗಗಳಿದ್ದರೂ, ಎಕ್ಸ್‌ಟೆಂಡೆಡ್ ವಿಭಾಗವಿದ್ದರೂ ಅದು ಒಪ್ಪುವುದಿಲ್ಲ. ಕನ್ವರ್ಟ್ ಆದ ಕೂಡಲೇ ಬಯೋಸ್‌ಗೆ ಹೋಗಿ ಸಿಎಸ್‌ಎಂ ಆಫ್. ವಿಂಡೋಸ್ ಎದ್ದದ್ದನ್ನು ನೋಡಿ, ಕೊನೆಗೆ ಸೆಕ್ಯೂರ್ ಬೂಟ್.

ದುರಸ್ತಿಗಾರ
ತಿದ್ದುವುದೇನಿಲ್ಲ. ಒಂದು ಸೇರ್ಪಡೆ: ಡಿಸ್ಕ್‌ಗೆ ಬೀಗ ಹಾಕಿದಂತೆ ಎನ್‌ಕ್ರಿಪ್ಟ್ ಮಾಡುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದ್ದರೆ ಮೊದಲು ಸಸ್ಪೆಂಡ್ ಮಾಡಿ.

ಕೀಲಿಕಳೆದವ
ಆ ಒಂದು ಸಾಲಿಗೆ ನನ್ನ ಹತ್ತು ಸಹಿ. ಹೋದ ವರ್ಷ ಬಯೋಸ್ ಅಪ್‌ಡೇಟ್ ಮಾಡಿ ರೀಸ್ಟಾರ್ಟ್ ಮಾಡಿದೆ, ನೀಲಿ ಪರದೆ ಬಂದು 48 ಅಂಕಿಗಳ ರಿಕವರಿ ಕೀ ಕೇಳಿತು. ಎನ್‌ಕ್ರಿಪ್ಷನ್ ಆನ್ ಆಗಿದೆ ಎಂದೇ ನನಗೆ ಗೊತ್ತಿರಲಿಲ್ಲ. ಮೈಕ್ರೋಸಾಫ್ಟ್ ಖಾತೆಯಲ್ಲಿ ಕೀ ಇರುತ್ತದೆ ಎಂದರು, ನಾನು ಮೂರು ಖಾತೆಗಳನ್ನು ಮಾಡಿ ಮರೆತವನು. ಮೂರನೆಯ ಖಾತೆಯ ಪಾಸ್‌ವರ್ಡ್ ಮರಳಿ ಪಡೆಯಲು ಬೇಕಾದ ಮೊಬೈಲ್ ಸಂಖ್ಯೆ ಈಗ ನನ್ನದಲ್ಲ. ಕೊನೆಗೆ ಕೀ ಸಿಕ್ಕಿತು: ಅದೇ ಖಾತೆಗೆ ಲಾಗಿನ್ ಆಗಿದ್ದ ಹಳೆಯ ಟ್ಯಾಬ್ಲೆಟ್ ಒಂದು ಕಪಾಟಿನಲ್ಲಿ ಇನ್ನೂ ಜೀವಂತವಾಗಿತ್ತು. ಆ ಎರಡು ದಿನ ಮನೆಯಲ್ಲಿ ಯಾರೂ ನನ್ನನ್ನು ಮಾತನಾಡಿಸಲಿಲ್ಲ.

ಬಯೋಸ್‌ಭೂತ
ಸಿಎಸ್‌ಎಂ ಆಫ್ ಮಾಡುವ ಮುನ್ನ ಇನ್ನೊಂದು ಪ್ರಶ್ನೆ. ಗ್ರಾಫಿಕ್ಸ್ ಕಾರ್ಡ್ ಯಾವುದು? ಹಳೆಯ ಬಯೋಸ್‌ನ ಜಾಗಕ್ಕೆ ಬಂದ ಯುಇಎಫ್‌ಐಗೆ ಬೇಕಾದ ಜಿಒಪಿ (ಪರದೆಗೆ ಚಿತ್ರ ಕೊಡುವ ವ್ಯವಸ್ಥೆ) ಬೆಂಬಲವಿಲ್ಲದ ಹಳೆಯ ಕಾರ್ಡ್ ಇದ್ದರೆ ಸಿಎಸ್‌ಎಂ ಆಫ್ ಮಾಡಿದ ಮರುಕ್ಷಣ ಪರದೆ ಕಪ್ಪು. ಬಯೋಸ್ ಪುಟವೂ ಕಾಣುವುದಿಲ್ಲ, ಆದ್ದರಿಂದ ಮತ್ತೆ ಆನ್ ಮಾಡಲೂ ಆಗುವುದಿಲ್ಲ. ನಾನು ಮಾನಿಟರ್ ಕೆಟ್ಟಿತೆಂದು ಮಾನಿಟರ್ ಬದಲಿಸಿ, ಕೇಬಲ್ ಬದಲಿಸಿ, ಕೊನೆಗೆ ಮದರ್‌ಬೋರ್ಡಿನ ಸಿಆರ್2032 ಬಿಲ್ಲೆ ಬ್ಯಾಟರಿ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿದ ಮೇಲೆ ಬೆಳಕು ಕಂಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದೆ.

ಹಳೆಪೆಟ್ಟಿಗೆ
ಪ್ರತ್ಯೇಕ ಕಾರ್ಡ್ ಇಲ್ಲ, ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಮಾತ್ರ. ಬಿಟ್‌ಲಾಕರ್ ಆಫ್ ಇದೆ, ನೋಡಿದೆ. ಬ್ಯಾಕಪ್ ಓಡುತ್ತಿದೆ. ನಾಳೆ ಸಂಜೆ ಕೈ ಹಾಕುತ್ತೇನೆ.

ಇರುವುದೇಸಾಕು
ನನ್ನದೊಂದು ಮೂಲಭೂತ ಪ್ರಶ್ನೆ. ಓಡುತ್ತಿರುವ ಯಂತ್ರವನ್ನು ಏರಿಸಲೇಬೇಕೇ? ನನ್ನ ವಿಂಡೋಸ್ 10 ಚೆನ್ನಾಗಿಯೇ ಇದೆ.

ಲಾಗ್‌ಓದುವವಳು
2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ಮುಗಿಯಿತು. ವಿಸ್ತರಿತ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ತೇಪೆಗಳು ಬರುತ್ತವೆ. ನೋಂದಾಯಿಸಿಕೊಂಡಿದ್ದೀರಾ?

ಇರುವುದೇಸಾಕು
ಇಲ್ಲ.

ಲಾಗ್‌ಓದುವವಳು
ಹಾಗಾದರೆ ಚೆನ್ನಾಗಿದೆ ಎಂಬುದು ನಿಮ್ಮ ನಂಬಿಕೆ ಮಾತ್ರ.

ನೀಲಿತೆರೆ
ಭದ್ರತೆ ಎಂಬುದೆಲ್ಲ ಹೊಸ ಯಂತ್ರ ಮಾರುವ ನೆಪ. ಟಿಪಿಎಂ ಇಲ್ಲದೆ ನಾವು ಮೂವತ್ತು ವರ್ಷ ಕಂಪ್ಯೂಟರ್ ಬಳಸಲಿಲ್ಲವೇ?

ಬಯೋಸ್‌ಭೂತ
ಅರ್ಧ ಒಪ್ಪುತ್ತೇನೆ. ಪ್ರೊಸೆಸರಿನ ಗೆರೆಯನ್ನು ಎಳೆದ ರೀತಿ ನನಗೂ ಹಿಡಿಸಿಲ್ಲ. 7ನೇ ತಲೆಮಾರಿನ ಬಹುಪಾಲು ಚಿಪ್‌ಗಳನ್ನು ಹೊರಗಿಟ್ಟು, ಕೆಲವನ್ನು ಮಾತ್ರ ಒಳಗೆ ಬಿಟ್ಟುಕೊಂಡದ್ದಕ್ಕೆ ಯಾವ ವಿವರಣೆಯೂ ಸಮಾಧಾನ ಕೊಡುವುದಿಲ್ಲ. ಆದರೆ ಟಿಪಿಎಂ ದಿಢೀರನೆ ಬಂದದ್ದಲ್ಲ. 2016ರ ಜುಲೈನಿಂದಲೇ ವಿಂಡೋಸ್ 10 ಜೊತೆ ಮಾರುವ ಹೊಸ ಯಂತ್ರಗಳಲ್ಲಿ ಟಿಪಿಎಂ 2.0 ಇರಬೇಕೆಂದು ತಯಾರಕರಿಗೆ ಹೇಳಿದ್ದರು. ಕೈಯಾರೆ ಜೋಡಿಸಿಕೊಂಡವರ ಮದರ್‌ಬೋರ್ಡ್‌ಗಳಲ್ಲಿ ಅದು ಇದ್ದರೂ ಆಫ್ ಆಗಿಯೇ ಬರುತ್ತಿತ್ತು. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರು. ಟಿಪಿಎಂ ಎಂದು ಹುಡುಕಿದವರಿಗೆ ಹೇಗೆ ಸಿಗಬೇಕು? ಹೊಸ ಯಂತ್ರ ಕೊಳ್ಳಲೇಬೇಕೆಂದುಕೊಂಡು ಒಳ್ಳೆಯ ಯಂತ್ರಗಳನ್ನು ಮಾರಿದವರು ಎಷ್ಟೋ ಮಂದಿ.

ನೀಲಿತೆರೆ
ಎಎಂಡಿಯ ಆ ಎಫ್‌ಟಿಪಿಎಂ ಆನ್ ಮಾಡಿದ್ದಕ್ಕೇ ಆಟದ ಮಧ್ಯೆ ಯಂತ್ರ ತಡವರಿಸುತ್ತಿತ್ತು ಎಂಬುದನ್ನೂ ಹೇಳಿ. 2022ರಲ್ಲಿ ಕಂಪನಿಯೇ ಒಪ್ಪಿಕೊಂಡಿತು.

ಬಯೋಸ್‌ಭೂತ
ಒಪ್ಪಿಕೊಂಡಿತು, ಬಯೋಸ್ ಅಪ್‌ಡೇಟ್ ಮೂಲಕ ಸರಿಪಡಿಸಿತು ಕೂಡ. ಎರಡನೆಯ ಅರ್ಧವನ್ನು ನುಂಗಬೇಡಿ.

ಹಳೆಪೆಟ್ಟಿಗೆ
ವರದಿ. ಸಿ ಡ್ರೈವ್ ಆಕ್ಟಿವ್ ಮಾಡಿದೆ. ಬಿಸಿಡಿಬೂಟ್ ಮೊದಲ ಸಲ ಬೂಟ್ ಫೈಲುಗಳನ್ನು ನಕಲಿಸಲು ಆಗಲಿಲ್ಲ ಎಂದಿತು. ಅರ್ಧ ಗಂಟೆ ಬೆವರಿದ ಮೇಲೆ ನೋಡಿದರೆ ಅಡ್ಮಿನಿಸ್ಟ್ರೇಟರ್ ಆಗಿ ತೆರೆದೇ ಇರಲಿಲ್ಲ. ದಪ್ಪ ಅಕ್ಷರದಲ್ಲಿ ಬರೆದಿದ್ದರೂ ನಾನು ಓದುತ್ತಿರಲಿಲ್ಲವೇನೋ. (ಅರೆಬೆಂದಪಂಡಿತರಲ್ಲಿ ಕ್ಷಮೆ ಕೋರುತ್ತೇನೆ.) ಎರಡನೆಯ ಸಲ ಆಯಿತು. ಹಾರ್ಡ್ ಡಿಸ್ಕ್ ಬಿಚ್ಚಿದೆ, ಎಸ್‌ಎಸ್‌ಡಿ ಒಂದೇ ಎದ್ದಿತು.

ವ್ಯಾಲಿಡೇಟ್ ಪಾಸ್. ಕನ್ವರ್ಟ್ ಒಂದು ನಿಮಿಷವೂ ಹಿಡಿಯಲಿಲ್ಲ, ಆದರೆ ಕೊನೆಯಲ್ಲಿ ರೀಏಜೆಂಟ್ ಎಂಬ ಯಾವುದೋ ಫೈಲನ್ನು ನವೀಕರಿಸಲು ಆಗಲಿಲ್ಲ ಎಂಬ ಸಾಲು ಬಂದಿದೆ. ಈಗ ರೀಸ್ಟಾರ್ಟ್ ಮಾಡಲು ಕೈ ಬರುತ್ತಿಲ್ಲ. ಮಾಡಲೇ?

ದುರಸ್ತಿಗಾರ
ಮಾಡಿ. ಅದು ರಿಕವರಿ ಪರಿಸರಕ್ಕೆ ಸಂಬಂಧಿಸಿದ್ದು, ಬೂಟ್‌ಗೆ ಅಲ್ಲ. ಬಹಳ ಜನರಿಗೆ ಬರುತ್ತದೆ. ವಿಂಡೋಸ್ ಎದ್ದ ಮೇಲೆ ರೀಏಜೆಂಟ್‌ಸಿ ಆದೇಶದಿಂದ ಒಮ್ಮೆ ಡಿಸೇಬಲ್, ಒಮ್ಮೆ ಎನೇಬಲ್ ಮಾಡಿದರೆ ಸರಿಹೋಗುತ್ತದೆ. ಈಗ ನೇರವಾಗಿ ಬಯೋಸ್‌ಗೆ ಹೋಗಿ, ಸಿಎಸ್‌ಎಂ ಆಫ್, ಬೂಟ್ ಪಟ್ಟಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಮೊದಲಿಗೆ.

ಹಳೆಪೆಟ್ಟಿಗೆ
ಎದ್ದಿತು! ಸಿಸ್ಟಮ್ ಇನ್ಫರ್ಮೇಷನ್‌ನಲ್ಲಿ ಬಯೋಸ್ ಮೋಡ್ ಎದುರು ಲೆಗಸಿ ಎಂದಿದ್ದದ್ದು ಈಗ ಯುಇಎಫ್‌ಐ. ಸೆಕ್ಯೂರ್ ಬೂಟ್ ಎನೇಬಲ್ ಮಾಡಿದ್ದೇನೆ, ಬಯೋಸ್‌ನಲ್ಲಿ ಎನೇಬಲ್ಡ್ ಎಂದಿದೆ, ವಿಂಡೋಸ್ ಮಾತ್ರ ಆಫ್ ಎನ್ನುತ್ತಿದೆ. ಯಾರ ಮಾತು ನಂಬಲಿ?

ಬಯೋಸ್‌ಭೂತ
ವಿಂಡೋಸ್ ಮಾತು. ಬಯೋಸ್ ಪುಟದಲ್ಲೇ ಸೂಕ್ಷ್ಮವಾಗಿ ನೋಡಿ, ಎಲ್ಲೋ ಸೆಟಪ್ ಮೋಡ್ ಅಥವಾ ನಾಟ್ ಆ್ಯಕ್ಟಿವ್ ಎಂದಿರುತ್ತದೆ. ಕೀಗಳು ತುಂಬಿಲ್ಲ ಎಂದರ್ಥ. ಕಾರ್ಖಾನೆಯ ಕೀಗಳನ್ನು ಮರುಸ್ಥಾಪಿಸುವ ಆಯ್ಕೆ ಅಲ್ಲೇ ಇರುತ್ತದೆ, ಒತ್ತಿ. ಬೀಗ ಹಾಕಿದ್ದೀರಿ, ಬೀಗದ ಕೈ ಮಾಡಿಸಿಲ್ಲ. ಹಾಗೆಯೇ ಬೋರ್ಡ್ ತಯಾರಕರು ಹೊಸ ಬಯೋಸ್ ಬಿಟ್ಟಿದ್ದರೆ ಹಾಕಿಕೊಳ್ಳಿ. ಸೆಕ್ಯೂರ್ ಬೂಟ್‌ಗೆ ಬಳಸುವ 2011ರ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯತೊಡಗುತ್ತದೆ, 2023ರ ಹೊಸವು ಬಂದಿವೆ.

ಹಳೆಪೆಟ್ಟಿಗೆ
ಆಯಿತು. ಹೆಲ್ತ್ ಚೆಕ್‌ನಲ್ಲಿ ಎಲ್ಲವೂ ಹಸಿರು. ವಿಂಡೋಸ್ 11 ಇನ್‌ಸ್ಟಾಲ್ ಆಗುತ್ತಿದೆ, ಶೇ 30 ದಾಟಿದೆ. ಎಲ್ಲರಿಗೂ ಧನ್ಯವಾದ.

ಕೀಲಿಕಳೆದವ
ಶೇ 30ಕ್ಕೆ ಧನ್ಯವಾದ ಹೇಳಬಾರದಿತ್ತು.

ಹಳೆಪೆಟ್ಟಿಗೆ
ನಿಮ್ಮ ಬಾಯಿಗೆ ಸಕ್ಕರೆ ಹಾಕಬಾರದು. ಒಮ್ಮೆ ರೀಸ್ಟಾರ್ಟ್ ಆಯಿತು, ಶೇ 34ಕ್ಕೆ ನಿಂತಿತು, ಮತ್ತೆ ರೀಸ್ಟಾರ್ಟ್, ಹಿಂದಿನ ಆವೃತ್ತಿಗೆ ಮರಳುತ್ತಿದ್ದೇವೆ ಎಂದಿತು. ಈಗ ಮತ್ತೆ ವಿಂಡೋಸ್ 10ರಲ್ಲಿ ಕೂತಿದ್ದೇನೆ. ಕೋಡ್: 0ಎಕ್ಸ್‌ಸಿ1900101 - 0ಎಕ್ಸ್20017.

ನೀಲಿತೆರೆ
ಆಂಟಿವೈರಸ್ ತೆಗೆಯಿರಿ. ರ‍್ಯಾಮ್ ಬಿಚ್ಚಿ ಹಾಕಿ. ಇಂಟರ್ನೆಟ್ ಆಫ್ ಮಾಡಿ. ಟೆಂಪ್ ಫೋಲ್ಡರ್ ಖಾಲಿ ಮಾಡಿ.

ಲಾಗ್‌ಓದುವವಳು
ಕತ್ತಲಲ್ಲಿ ಕಲ್ಲು ಎಸೆಯುವ ಮೊದಲು ದೀಪ ಹಚ್ಚೋಣ. ಈ ಕೋಡ್ ನೋಡಲು ಅಸಂಬದ್ಧ, ಆದರೆ ಅದರಲ್ಲಿ ಮಾಹಿತಿ ಇದೆ. ಮೊದಲ ಭಾಗ, 1900101ರಲ್ಲಿ ಕೊನೆಗೊಳ್ಳುವುದು, ಸಾಮಾನ್ಯವಾಗಿ ಡ್ರೈವರ್ ತಕರಾರು. ಎರಡನೆಯ ಭಾಗದ ಮೊದಲ ಅಂಕಿ ಯಾವ ಹಂತದಲ್ಲಿ ಬಿತ್ತು ಎಂದು ಹೇಳುತ್ತದೆ: 1 ಎಂದರೆ ಇನ್ನೂ ಹಳೆಯ ವಿಂಡೋಸ್‌ನಲ್ಲಿರುವಾಗ, 2 ಎಂದರೆ ಸೇಫ್ ಓಎಸ್, 3 ಮೊದಲ ಬೂಟ್, 4 ಎರಡನೆಯ ಬೂಟ್. ನಿಮ್ಮದು 2. ಕೊನೆಯ 17 ಎಂದರೆ ಬೂಟ್ ಕಾರ್ಯ. ಅಂದರೆ ರೀಸ್ಟಾರ್ಟ್ ಆದ ಕೂಡಲೇ ತೆರೆದುಕೊಳ್ಳುವ ಪುಟ್ಟ ವಿಂಡೋಸ್‌ನಲ್ಲಿ ಯಾವುದೋ ಡ್ರೈವರ್ ಅದನ್ನು ಕೆಡವಿದೆ. ಟೆಂಪ್ ಫೋಲ್ಡರಿಗೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ.

ಮೈಕ್ರೋಸಾಫ್ಟ್‌ನದೇ ಸೆಟಪ್‌ಡಯಾಗ್ ಎಂಬ ಪುಟ್ಟ ಉಪಕರಣ ಇದೆ. ಓಡಿಸಿದರೆ ಲಾಗ್‌ಗಳನ್ನು ಜಾಲಾಡಿ ಒಂದು ವರದಿ ಕೊಡುತ್ತದೆ. ಅದರಲ್ಲಿ ಏನೂ ಸಿಗದಿದ್ದರೆ ಸಿ ಡ್ರೈವ್‌ನ ಅಡಗಿಸಿಟ್ಟ ಸೆಟಪ್ ಫೋಲ್ಡರ್‌ನಲ್ಲಿ ಪ್ಯಾಂಥರ್ ಎಂಬ ಉಪಫೋಲ್ಡರ್ ಇರುತ್ತದೆ. ಅಲ್ಲಿರುವ ಸೆಟಪ್‌ಆಕ್ಟ್ ಲಾಗ್‌ನ ಕೊನೆಯಿಂದ ಮೇಲಕ್ಕೆ ಓದಿ. ಮೇಲಿನಿಂದ ಕೆಳಕ್ಕೆ ಓದಲು ಹೊರಟರೆ ನಿವೃತ್ತಿಯವರೆಗೆ ಕೆಲಸ ಸಿಗುತ್ತದೆ.

ಪೆಂಗ್ವಿನ್‌ಪ್ರಿಯ
ಪ್ಯಾಂಥರ್! ಚಿರತೆ ಹಿಡಿಯಲು ಹೋದವರು ಇಲಿ ಹಿಡಿದು ಬರುವ ಮುನ್ಸೂಚನೆ.

ಹಳೆಪೆಟ್ಟಿಗೆ
ಇಲಿಯೇ ಸಿಕ್ಕಿತು. ಸೆಟಪ್‌ಡಯಾಗ್ ಬೆರಳು ತೋರಿಸಿದ್ದು ಓಇಎಂ23 ಎಂಬ ಡ್ರೈವರ್ ಕಡೆಗೆ. ಪಿಎನ್‌ಪಿಯುಟಿಲ್‌ನಲ್ಲಿ ಡ್ರೈವರ್‌ಗಳ ಪಟ್ಟಿ ತೆಗೆದು ನೋಡಿದರೆ ಅದು ಸಿಡಿ ಇಲ್ಲದೆಯೇ ಸಿಡಿ ಇರುವಂತೆ ನಟಿಸುವ ಒಂದು ತಂತ್ರಾಂಶದ ಪಳೆಯುಳಿಕೆ. ಆ ತಂತ್ರಾಂಶವನ್ನು ನಾನು ಅನ್‌ಇನ್‌ಸ್ಟಾಲ್ ಮಾಡಿ ಐದಾರು ವರ್ಷಗಳಾದವು. ಸಂಸಾರ ಖಾಲಿ ಮಾಡಿದೆ, ಆದರೆ ಕಾವಲುಗಾರನನ್ನು ಬಾಗಿಲಲ್ಲೇ ನಿಲ್ಲಿಸಿ ಹೋಗಿದೆ. ಅದನ್ನು ಪಿಎನ್‌ಪಿಯುಟಿಲ್‌ನಿಂದಲೇ ಅಳಿಸಿದೆ. ಎರಡನೆಯ ಸಲ ಓಡಿಸುತ್ತಿದ್ದೇನೆ. ಈ ಸಲ ಯಾರಿಗೂ ಧನ್ಯವಾದ ಹೇಳುವುದಿಲ್ಲ.

ಅಕ್ಷರಪ್ರೇಮಿ
ಅದು ಮುಗಿಯುವವರೆಗೆ ನನ್ನದೊಂದು ಬೇರೆ ಗೋಳು. ನಾನು ಅರೆಬೆಂದಪಂಡಿತರ ಮಾತು ಕೇಳಿ ಫಾರ್ಮ್ಯಾಟ್ ಮಾಡಿ ವಿಂಡೋಸ್ 11 ಹಾಕಿದವಳು. ಎಲ್ಲ ಚೆನ್ನಾಗಿದೆ, ಆದರೆ ನನ್ನ ಹಳೆಯ ಕನ್ನಡ ಕಡತಗಳೆಲ್ಲ ಮುಖ ಬದಲಿಸಿಕೊಂಡಿವೆ. ತುಂಗಾ ಅಕ್ಷರಶೈಲಿಯಲ್ಲಿ ಪುಟ ಹೊಂದಿಸಿಟ್ಟಿದ್ದೆ, ಈಗ ಸಾಲುಗಳೆಲ್ಲ ಹಿಗ್ಗಿ ಪುಟಗಳ ಲೆಕ್ಕವೇ ತಪ್ಪಿದೆ.

ಲಾಗ್‌ಓದುವವಳು
ವಿಂಡೋಸ್ 10ರಿಂದಲೇ ತುಂಗಾ ಐಚ್ಛಿಕವಾಗಿದೆ, ತಾನಾಗಿ ಬರುವುದು ನಿರ್ಮಲಾ ಯುಐ. ಸೆಟ್ಟಿಂಗ್ಸ್‌ನಲ್ಲಿ ಐಚ್ಛಿಕ ಸೌಲಭ್ಯಗಳ ಪಟ್ಟಿ ತೆರೆದು ಕನ್ನಡ ಪೂರಕ ಫಾಂಟ್‌ಗಳು ಎಂಬುದನ್ನು ಸೇರಿಸಿ, ತುಂಗಾ ಮರಳುತ್ತದೆ.

ಅಕ್ಷರಪ್ರೇಮಿ
ಬಂತು! ಪುಟಗಳು ತಮ್ಮ ಜಾಗಕ್ಕೆ ಮರಳಿದವು. ಯುನಿಕೋಡ್ ಪೂರ್ವದ ಫಾಂಟ್‌ನಲ್ಲಿರುವ ಇನ್ನೂ ಹಳೆಯ ಕಡತಗಳಿಗೆ?

ಲಾಗ್‌ಓದುವವಳು
ಅದೇ ಫಾಂಟ್ ಬೇಕು, ಇಲ್ಲವೇ ಯುನಿಕೋಡ್‌ಗೆ ಪರಿವರ್ತಿಸಬೇಕು. ಪರಿವರ್ತಿಸಿದರೆ ಒತ್ತಕ್ಷರಗಳನ್ನೂ ಅರ್ಕಾವತ್ತುಗಳನ್ನೂ ಒಂದೊಂದಾಗಿ ಕಣ್ಣಾಡಿಸಿ ನೋಡಿ.

ಹಳೆಪೆಟ್ಟಿಗೆ
ವಿಂಡೋಸ್ 11ರಿಂದ ಬರೆಯುತ್ತಿದ್ದೇನೆ. ಲೆಕ್ಕಪತ್ರದ ತಂತ್ರಾಂಶ ತೆರೆಯಿತು, ಕಳೆದ ತಿಂಗಳ ಲೆಕ್ಕ ಇದ್ದಲ್ಲೇ ಇದೆ. ಹಿಂದಕ್ಕೆ ಹೋಗಲು ಹತ್ತು ದಿನ ಅವಕಾಶ ಇದೆಯಂತೆ, ಅಲ್ಲಿಯವರೆಗೆ ವಿಂಡೋಸ್ ಓಲ್ಡ್ ಫೋಲ್ಡರ್ ಮುಟ್ಟುವುದಿಲ್ಲ.

ಇನ್ನೊಂದು ವಿಷಯ. ಎಲ್ಲ ಮುಗಿದ ಮೇಲೆ ಹಳೆಯ ಹಾರ್ಡ್ ಡಿಸ್ಕ್ ಮತ್ತೆ ಜೋಡಿಸಿ, ಕುತೂಹಲಕ್ಕೆ ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ವರದಿ ನೋಡಿದೆ. ಮರುಹಂಚಿಕೆಯಾದ ಸೆಕ್ಟರ್‌ಗಳು ಮುನ್ನೂರಕ್ಕೂ ಹೆಚ್ಚು, ಓದಲಾಗದೆ ಬಾಕಿ ಇರುವವು ಇಪ್ಪತ್ತಾರು. ಕಿವಿಗೊಟ್ಟರೆ ಟಿಕ್ ಟಿಕ್ ಎಂಬ ಸದ್ದು ಬೇರೆ. ಎಂಟು ವರ್ಷದಿಂದ ಕಂಪ್ಯೂಟರ್ ಏಳುತ್ತಿದ್ದದ್ದು ಇದರ ದಯೆಯಿಂದ.

ದುರಸ್ತಿಗಾರ
ಫೋಟೋಗಳ ಇನ್ನೊಂದು ಪ್ರತಿ ಇದೆಯೇ?

ಹಳೆಪೆಟ್ಟಿಗೆ
ಬ್ಯಾಕಪ್ ಮಾಡಿದ್ದು ಎಸ್‌ಎಸ್‌ಡಿಯನ್ನು ಮಾತ್ರ.

ದುರಸ್ತಿಗಾರ
ಇಲ್ಲಿ ಬರೆಯುವುದು ನಿಲ್ಲಿಸಿ, ಮೊದಲು ನಕಲು ಮಾಡಿ. ಬೇಕಾದ ಫೋಲ್ಡರ್‌ಗಳು ಮೊದಲು, ಒಂದೇ ಏಟಿಗೆ ಎಲ್ಲವೂ ಬೇಡ. ಮಧ್ಯೆ ರೀಸ್ಟಾರ್ಟ್ ಮಾಡಬೇಡಿ.

ಮೌನವೀಕ್ಷಕ
ನನ್ನದನ್ನೂ ನೋಡಲು ಹೊರಟೆ.

ಸಂಗ್ರಹಕಾರ
ನನ್ನಲ್ಲಿ ಕೋರ್ 2 ಡ್ಯುಯೊ ಇದೆ. ತಪಾಸಣೆ ತಪ್ಪಿಸಿ 24ಎಚ್2 ಹಾಕಬಹುದೇ?

ಬಯೋಸ್‌ಭೂತ
ಆಗುವುದಿಲ್ಲ. 24ಎಚ್2ಗೆ ಎಸ್‌ಎಸ್‌ಇ4.2 ಮತ್ತು ಪಾಪ್‌ಸಿಎನ್‌ಟಿ ಸೂಚನೆಗಳು ಪ್ರೊಸೆಸರಿನಲ್ಲೇ ಇರಬೇಕು, ಕೋರ್ 2ರಲ್ಲಿ ಅವಿಲ್ಲ. ಯಾವ ಟಿಕ್ ಹಾಕಿದರೂ ಏಳುವುದಿಲ್ಲ.

ಪೆಂಗ್ವಿನ್‌ಪ್ರಿಯ
ಈಗಲಾದರೂ ನನ್ನ ಸರದಿಯೇ?

ಸಂಗ್ರಹಕಾರ
ಹೇಳಿ, ಕೇಳುತ್ತೇನೆ. ರ‍್ಯಾಮ್ 2 ಜಿಬಿ.